ನವಜಾತ ಶಿಶುವಿನ ನೋವು: ಗುರುತಿಸುವ ಬಗೆ, ತಗ್ಗಿಸುವ ದಾರಿ

ತೀವ್ರ ನಿಗಾ ಘಟಕದಲ್ಲಿರುವ ಎಳೆಯ ಮಗುವಿನ ಹಿಮ್ಮಡಿಗೆ ರಕ್ತಪರೀಕ್ಷೆಗಾಗಿ ಚುಚ್ಚುತ್ತಾರೆ, ರಕ್ತನಾಳಕ್ಕೆ ಸೂಜಿ ಹಾಕುತ್ತಾರೆ, ಶ್ವಾಸನಾಳದಲ್ಲಿ ಕಟ್ಟಿದ ಕಫವನ್ನು ಹೀರಿ ತೆಗೆಯುತ್ತಾರೆ. ದಿನ ತುಂಬುವ ಮೊದಲೇ ಹುಟ್ಟಿದ ಮಗುವಿನ ತೆಳು ಚರ್ಮದಿಂದ ಅಂಟುಪಟ್ಟಿ ಬಿಡಿಸುವುದೂ ನೋವೇ. ಪ್ಯಾರಿಸ್ ಪ್ರದೇಶದ ಘಟಕಗಳಲ್ಲಿ 430 ಶಿಶುಗಳನ್ನು ಗಮನಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಒಂದು ಮಗು ದಿನಕ್ಕೆ ಸುಮಾರು 10 ಬಾರಿ ಇಂಥ ನೋವು ಉಣ್ಣುತ್ತಿತ್ತು. ನೂರಕ್ಕೆ 79 ಸಂದರ್ಭಗಳಲ್ಲಿ ಅದನ್ನು ತಗ್ಗಿಸುವ ನಿರ್ದಿಷ್ಟ ಕ್ರಮವೇ ಇರಲಿಲ್ಲ.

ತಪ್ಪು ನಂಬಿಕೆ ಅಳಿದದ್ದು

ನರಮಂಡಲ ಬಲಿಯದ ಶಿಶುವಿಗೆ ನೋವು ತಿಳಿಯದು ಎಂಬ ನಂಬಿಕೆ 1980ರ ದಶಕದವರೆಗೂ ವೈದ್ಯರಲ್ಲಿ ಉಳಿದಿತ್ತು. ಸ್ನಾಯುಗಳನ್ನು ಸ್ತಬ್ಧಗೊಳಿಸುವ ಔಷಧಿ ಕೊಟ್ಟು, ನೋವು ನಿವಾರಕವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿದ್ದೂ ಉಂಟು. ಇಂದೋರಿನಲ್ಲಿ ವೈದ್ಯಶಿಕ್ಷಣ ಪಡೆದು ಆಕ್ಸ್‌ಫರ್ಡ್‌ನಲ್ಲಿ ಸಂಶೋಧನೆ ನಡೆಸಿದ ಡಾ. ಕೆ. ಜೆ. ಎಸ್. ಆನಂದ್ 1987ರಲ್ಲಿ ಇದನ್ನು ಅಲ್ಲಗಳೆದರು. ಅವರ ಪ್ರಯೋಗದಲ್ಲಿ, ಶಸ್ತ್ರಚಿಕಿತ್ಸೆಯ ವೇಳೆ ಫೆಂಟನಿಲ್ ಎಂಬ ನೋವು ನಿವಾರಕ ಪಡೆದ ಶಿಶುಗಳಲ್ಲಿ ಒತ್ತಡದ ಹಾರ್ಮೋನುಗಳು ಕಡಿಮೆ ಏರಿದವು, ತೊಡಕುಗಳೂ ಕಡಿಮೆಯಾದವು.

ನಿಜಸ್ಥಿತಿ ಆ ನಂಬಿಕೆಗೆ ತದ್ವಿರುದ್ಧ. ನೋವನ್ನು ಮಿದುಳಿಗೆ ಒಯ್ಯುವ ನರಗಳು ಬೇಗ ಸಿದ್ಧವಾಗುತ್ತವೆ. ಮಿದುಳಿನಿಂದ ಇಳಿದು ಬಂದು ನೋವನ್ನು ಹತ್ತಿಕ್ಕುವ ವ್ಯವಸ್ಥೆ ತಡವಾಗಿ ಬಲಿಯುತ್ತದೆ. ಆದ್ದರಿಂದ ದಿನ ತುಂಬದ ಮಗುವಿಗೆ ನೋವು ಹೆಚ್ಚೇ ತಟ್ಟುತ್ತದೆ. ಪದೇ ಪದೇ ಚುಚ್ಚಿಸಿಕೊಂಡ ಮಗು ಬರಿಯ ಸ್ಪರ್ಶಕ್ಕೂ ಬೆಚ್ಚುತ್ತದೆ.

ನೋವನ್ನು ಅಳೆಯುವುದು

ಮಾತಿಲ್ಲದ ಮಗುವಿನಲ್ಲಿ ಮುಖವೇ ಮಾತು. ಹುಬ್ಬು ಉಬ್ಬುವುದು, ಕಣ್ಣು ಬಿಗಿಯುವುದು, ಮೂಗಿನ ಬದಿಯಿಂದ ತುಟಿಯವರೆಗಿನ ಗೆರೆ ಆಳವಾಗುವುದು ಮುಖ್ಯ ಗುರುತುಗಳು. ಪಿಪ್ ಎಂಬ ಮಾಪನ ಇವುಗಳ ಜೊತೆಗೆ ಹೃದಯಬಡಿತ, ರಕ್ತದ ಆಮ್ಲಜನಕ, ಗರ್ಭಾವಧಿ ಮತ್ತು ನಿದ್ರೆ ಅಥವಾ ಎಚ್ಚರದ ಸ್ಥಿತಿಯನ್ನು ಸೇರಿಸಿ ಒಟ್ಟು 21ಕ್ಕೆ ಅಂಕ ಹಾಕುತ್ತದೆ. ಅದು 6 ದಾಟಿದರೆ ನೋವಿದೆ, 12 ದಾಟಿದರೆ ನೋವು ತೀವ್ರ. ತೀರ ಎಳೆಯ ಅಥವಾ ನಿದ್ರಿಸುತ್ತಿರುವ ಮಗು ಲಕ್ಷಣಗಳನ್ನು ಕಡಿಮೆ ತೋರುವುದರಿಂದ ಅದಕ್ಕೆ ಅಂಕ ಕೂಡಿಸುವ ಏರ್ಪಾಡು ಇದರಲ್ಲಿದೆ; ಈ ಮಾಪನದ ಹಿರಿಮೆಯೇ ಅದು.

ಅಳುವನ್ನಷ್ಟೇ ನಂಬಿದರೆ ಮೋಸವಾಗುತ್ತದೆ. ವೆಂಟಿಲೇಟರಿನ ನಳಿಕೆ ಧ್ವನಿತಂತುಗಳ ನಡುವೆ ಹಾದಿರುವಾಗ ಮಗು ಅತ್ತರೂ ಸದ್ದು ಹೊರಡದು. ಬಹುಕಾಲ ನೋವುಂಡ ಮಗು ಬಳಲಿ ಸುಮ್ಮನೆ ಮಲಗಿರಬಹುದು. ಆ ಮೌನವನ್ನು ನೆಮ್ಮದಿ ಎಂದು ಬರೆದುಕೊಳ್ಳುವುದು ದೊಡ್ಡ ತಪ್ಪು.

ನೋವನ್ನು ತಗ್ಗಿಸುವುದು

ಬೇಡದ ಚುಚ್ಚುವಿಕೆಯನ್ನು ಬಿಡುವುದು ಮೊದಲ ಚಿಕಿತ್ಸೆ. ಹಲವು ಪರೀಕ್ಷೆಗಳಿಗೆ ಒಮ್ಮೆಗೇ ರಕ್ತ ತೆಗೆಯಬಹುದು. ದಿನ ತುಂಬಿದ ಮಗುವಿಗೆ ಹಿಮ್ಮಡಿ ಚುಚ್ಚಿ ಹಿಂಡುವುದಕ್ಕಿಂತ ನುರಿತ ಕೈ ರಕ್ತನಾಳದಿಂದ ತೆಗೆದರೆ ನೋವು ಕಡಿಮೆ.

ಸಣ್ಣ ನೋವುಗಳಿಗೆ ತಾಯಿಯ ಎದೆಹಾಲು, ಎದೆಗೆ ಚರ್ಮ ತಾಗುವಂತೆ ಅಪ್ಪಿಕೊಳ್ಳುವ ಕಾಂಗರೂ ಆರೈಕೆ, ಕೈಕಾಲು ಮಡಿಸಿ ಅಂಗೈಯಲ್ಲಿ ಹಿಡಿಯುವುದು ಸಾಕಾಗುತ್ತವೆ. ಚುಚ್ಚುವ ಎರಡು ನಿಮಿಷ ಮೊದಲು ನಾಲಿಗೆಗೆ ಶೇಕಡಾ 24ರ ಸುಕ್ರೋಸ್, ಅಂದರೆ ಸಕ್ಕರೆಯ ದ್ರಾವಣ, ಹನಿಸುವ ರೂಢಿಯೂ ಇದೆ. ಆದರೆ 2010ರ ಬ್ರಿಟನ್ನಿನ ಪ್ರಯೋಗವೊಂದರಲ್ಲಿ, ಸುಕ್ರೋಸ್ ಪಡೆದ ಮಗುವಿನ ಮುಖ ಶಾಂತವಾಗಿದ್ದರೂ ಮಿದುಳಿನ ನೋವಿನ ಸಂಕೇತ ತಗ್ಗಿರಲಿಲ್ಲ. ಹಾಗಾಗಿ ತಾಯಿಯ ಎದೆಗೇ ಮೊದಲ ಸ್ಥಾನ ಸಲ್ಲಬೇಕು. ಸುಕ್ರೋಸ್ ಆಸ್ಪತ್ರೆಯಲ್ಲಿ ಅಳೆದು ಕೊಡುವ ವಸ್ತು. ಮನೆಯಲ್ಲಿ ಕೂಸಿಗೆ ಜೇನು ನೆಕ್ಕಿಸಲು ಇದು ಆಧಾರವಲ್ಲ.

ಶಸ್ತ್ರಚಿಕಿತ್ಸೆಯಂಥ ದೊಡ್ಡ ನೋವಿಗೆ ಮಾರ್ಫಿನ್ ಅಥವಾ ಫೆಂಟನಿಲ್ ಬೇಕೇ ಬೇಕು. ಇವು ಉಸಿರಾಟವನ್ನು ಕುಗ್ಗಿಸಬಲ್ಲವು, ರಕ್ತದೊತ್ತಡವನ್ನು ಇಳಿಸಬಲ್ಲವು. ಅದಕ್ಕಾಗಿಯೇ ವೆಂಟಿಲೇಟರಿನಲ್ಲಿರುವ ಎಲ್ಲ ಶಿಶುಗಳಿಗೂ ವಾಡಿಕೆಯಾಗಿ ಕೊಡದೆ, ನೋವನ್ನು ಅಳೆದು ಕೊಡುತ್ತಾರೆ. ಪ್ಯಾರಸಿಟಮಾಲ್ ಜೊತೆಗಿದ್ದರೆ ಶಸ್ತ್ರಚಿಕಿತ್ಸೆಯ ನಂತರ ಮಾರ್ಫಿನ್ ಕಡಿಮೆ ಸಾಕಾಗುತ್ತದೆ.

ಮಗು ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿರಲಿ, ಖಾಸಗಿ ಆಸ್ಪತ್ರೆಯಲ್ಲಿರಲಿ, ಸೂಜಿ ಚುಚ್ಚುವಾಗ ಅದನ್ನು ಎದೆಗಪ್ಪಿಕೊಳ್ಳಬಹುದೇ ಎಂದು ತಂದೆತಾಯಿ ಶುಶ್ರೂಷಕಿಯನ್ನು ಸಂಕೋಚವಿಲ್ಲದೆ ಕೇಳಬೇಕು.