ರೈಗಳ ಹದಿನಾರು ವರ್ಷ

ಕಾಸರಗೋಡಿನ ಕನ್ನಡಿಗರಲ್ಲಿ ಹಳೆಯದೊಂದು ಕೊರಗಿದೆ: ದಿಲ್ಲಿಯಲ್ಲಿ ನಮ್ಮವರೆಂಬ ಒಬ್ಬರಿದ್ದಿದ್ದರೆ ನಮ್ಮ ಪಾಡು ಬೇರೆಯಾಗಿರುತ್ತಿತ್ತು. ಆದರೆ ನಮ್ಮವರು ಇದ್ದರು, ಅದೂ ಅಲ್ಪಕಾಲವಲ್ಲ. 1980ರ ಜನವರಿಯಿಂದ 1996ರ ಮೇ ತಿಂಗಳವರೆಗೆ ಇಲ್ಲಿನ ಲೋಕಸಭಾ ಕ್ಷೇತ್ರದ ಸದಸ್ಯತ್ವ ಇಬ್ಬರು ರೈಗಳ ಕೈಯಲ್ಲಿತ್ತು. 1980, 1989 ಮತ್ತು 1991ರಲ್ಲಿ ಗೆದ್ದವರು ಸಿಪಿಎಂನ ಎಂ. ರಾಮಣ್ಣ ರೈ, ನಡುವೆ 1984ರಲ್ಲಿ ಕಾಂಗ್ರೆಸ್ಸಿನ ಐ. ರಾಮ ರೈ. ಚಂದ್ರಗಿರಿ ನದಿಯ ಉತ್ತರದ ಭಾಗ ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ್ ಆಯೋಗ 1967ರಲ್ಲೇ ಹೇಳಿತ್ತು. ಸಂವಿಧಾನದ 3ನೇ ವಿಧಿಯ ಪ್ರಕಾರ ರಾಜ್ಯಗಳ ಗಡಿ ಬದಲಿಸುವ ಅಧಿಕಾರ ಇರುವುದು ಸಂಸತ್ತಿಗೆ. ವರದಿಯೂ ಇತ್ತು, ಅಧಿಕಾರವಿದ್ದ ಸದನವೂ ಇತ್ತು, ಆ ಸದನದಲ್ಲಿ ತುಳುನಾಡಿನ ಒಬ್ಬ ರೈಯೂ ಇದ್ದರು. ಹದಿನಾರು ವರ್ಷಗಳಲ್ಲಿ ಗಡಿಯ ಪ್ರಶ್ನೆ ಒಮ್ಮೆಯೂ ಮತಕ್ಕೆ ಬರಲಿಲ್ಲ. ಸಂಸದನ ಊರು, ಮನೆತನ, ಮನೆಮಾತುಗಳಿಗೆ ನಾವು ಕೊಡುವ ಬೆಲೆ ಹೆಚ್ಚಾಯಿತೇನೋ ಎಂದು ಅನುಮಾನ ಹುಟ್ಟುವುದು ಇಲ್ಲಿ.

1952ರ ಮೊದಲ ಚುನಾವಣೆಯ ಹೊತ್ತಿಗೆ ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಜಿಲ್ಲೆಯ ದಕ್ಷಿಣ ಕ್ಷೇತ್ರದಿಂದ ಆರಿಸಿ ಬಂದವರು ಬೆನಗಲ್ ಶಿವರಾವ್. ಪತ್ರಕರ್ತ, ಸಂವಿಧಾನ ರಚನಾ ಸಭೆಯ ಸದಸ್ಯ. 1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಹೋಯಿತು. ಮರುವರ್ಷವೇ ನಡೆದ ಚುನಾವಣೆಯಲ್ಲಿ ಒಂದು ವಿಚಿತ್ರ ಕಾಣುತ್ತದೆ. ವಿಧಾನಸಭೆಗೆ ಮಂಜೇಶ್ವರದಿಂದ ಪಕ್ಷೇತರರಾಗಿ ನಿಂತ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ಮೈಸೂರಿನೊಂದಿಗೆ ವಿಲೀನೀಕರಣದ ಭಾವನೆ ಅಷ್ಟು ಕಾವೇರಿದ್ದಾಗಲೇ ಲೋಕಸಭೆಗೆ ಗೆದ್ದವರು ಕಣ್ಣೂರಿನ ಕಡೆಯ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್. ಎಕೆಜಿಯ ಗೆಲುವನ್ನು ಬರಿಯ ಮಲಯಾಳದ ಗೆಲುವೆಂದು ಓದುವುದೂ ಸರಿಯಲ್ಲ. 1943ರ ಮಾರ್ಚ್ 29ರಂದು ಗಲ್ಲಿಗೇರಿದ ಕಯ್ಯೂರಿನ ನಾಲ್ವರು ರೈತರ ನೆನಪು ಚಂದ್ರಗಿರಿಯ ದಕ್ಷಿಣದ ಊರುಗಳಲ್ಲಿ ಪಕ್ಷದ ಬುನಾದಿಯಾಗಿತ್ತು. ಅದೇ ಕಥೆಯನ್ನು ನೀಲೇಶ್ವರದಲ್ಲಿ ಓದಿದ ನಿರಂಜನರು ‘ಚಿರಸ್ಮರಣೆ’ಯಾಗಿ ಕನ್ನಡಕ್ಕೆ ತಂದರು. ಎಕೆಜಿ 1962, 1967ರಲ್ಲೂ ಗೆದ್ದರು. ಅದೇ ಕಾಲದಲ್ಲಿ ಮಂಜೇಶ್ವರ 1960ರಿಂದ ಸತತ ಮೂರು ಬಾರಿ ಕನ್ನಡದ ದನಿಯಾಗಿದ್ದ ಪಕ್ಷೇತರ ಕೆ. ಮಹಾಬಲ ಭಂಡಾರಿಯವರನ್ನೇ ಆರಿಸುತ್ತಿತ್ತು. ಒಂದು ಪೆಟ್ಟಿಗೆಗೆ ಭಾಷೆ, ಇನ್ನೊಂದಕ್ಕೆ ಪಕ್ಷ.

ಕ್ಷೇತ್ರದ ಅಳತೆಯೇ ಇದಕ್ಕೆ ಕಾರಣ ಎನ್ನುವವರಿದ್ದಾರೆ. ಈಗಿನ ಏಳು ವಿಧಾನಸಭಾ ಕ್ಷೇತ್ರಗಳಲ್ಲಿ ಕನ್ನಡ-ತುಳುವಿಗೆ ತೂಕವಿರುವುದು ಮಂಜೇಶ್ವರ ಮತ್ತು ಕಾಸರಗೋಡಿನಲ್ಲಿ ಮಾತ್ರ. ಪಯ್ಯನ್ನೂರು, ಕಲ್ಯಾಶ್ಶೇರಿಗಳಂತೂ ಕಣ್ಣೂರು ಜಿಲ್ಲೆಯಲ್ಲೇ ಇವೆ. ಎರಡು ಕ್ಷೇತ್ರದವರು ಐದು ಕ್ಷೇತ್ರದವರನ್ನು ಹೇಗೆ ಮೀರಿಯಾರು? ಲೆಕ್ಕ ಸರಿಯಾಗಿದ್ದರೂ ವಾದ ಅಷ್ಟಕ್ಕೆ ಮುಗಿಯುವುದಿಲ್ಲ. 1989ರಲ್ಲಿ ರೈಗಳಿಬ್ಬರೂ ಎದುರುಬದುರು ನಿಂತಾಗ ಸೋಲು-ಗೆಲುವಿನ ನಡುವೆ ಇದ್ದದ್ದು ಸುಮಾರು ಒಂದೂವರೆ ಸಾವಿರ ಮತ. ಅಂಥ ಸ್ಪರ್ಧೆಯಲ್ಲಿ ಉತ್ತರದ ಮತವೇ ನಿರ್ಣಾಯಕ, ಎರಡೂ ಪಕ್ಷಗಳು ರೈಗಳನ್ನೇ ಹುಡುಕಿದ್ದು ಅದಕ್ಕೇ ಇರಬೇಕು. ಅಂದರೆ ಅಲ್ಪಸಂಖ್ಯಾತರಿಗೆ ಅಭ್ಯರ್ಥಿಯ ಹೆಸರನ್ನು ಪಡೆಯುವಷ್ಟು ಬಲ ಇತ್ತು. ಆ ಹೆಸರಿನ ಬೆನ್ನಿಗಿದ್ದ ಪಕ್ಷದ ನಿಲುವನ್ನು ಪಡೆಯುವಷ್ಟು ಇರಲಿಲ್ಲ. ಟಿಕೆಟ್ಟಿನ ಒಪ್ಪಿಗೆ ಬರುವುದು ಪಕ್ಷದ ಮೇಲಿನವರಿಂದ, ಮತ್ತು ಮಹಾಜನ್ ವರದಿಯನ್ನು ಕೇರಳದ ಮುಖ್ಯ ಪಕ್ಷಗಳಾವುವೂ ಒಪ್ಪಲು ಸಿದ್ಧವಿರಲಿಲ್ಲ.

ಇನ್ನು ಸದನದಲ್ಲಿ ಹಾಕಿದ ಮತ. ನಮ್ಮ ಸಂಸತ್ತಿನಲ್ಲಿ ಬಹುತೇಕ ಮಸೂದೆಗಳು ಧ್ವನಿಮತದಲ್ಲೇ ಪಾಸಾಗುತ್ತವೆ. ಯಾರಾದರೂ ಮತವಿಭಜನೆ ಕೇಳಿದರೆ, ಇಲ್ಲವೇ ಸಂವಿಧಾನ ತಿದ್ದುಪಡಿಯಂಥ ಸಂದರ್ಭ ಬಂದರೆ ಮಾತ್ರ ಎಣಿಕೆ. ಈ ಕಾರಣಕ್ಕೆ ಒಬ್ಬ ಸದಸ್ಯನ ಮತಗಳ ಪಟ್ಟಿ ಮಾಡಹೊರಟವನಿಗೆ ಸಿಗುವುದು ಹಾಜರಿ, ಪ್ರಶ್ನೆ, ಭಾಷಣಗಳ ಲೆಕ್ಕ. ಎಣಿಕೆ ನಡೆದ ದೊಡ್ಡ ದಿನಗಳನ್ನು ನೋಡಿದರೂ ಕಾಣುವುದು ಪಕ್ಷವೇ. 1990ರ ನವೆಂಬರ್ 7ರಂದು ವಿ.ಪಿ. ಸಿಂಗ್ ಸರಕಾರ ಬಿದ್ದಾಗ ಎಡಪಕ್ಷಗಳು ಅದರ ಪರವಾಗಿದ್ದವು. 1993ರ ಜುಲೈಯಲ್ಲಿ ನರಸಿಂಹ ರಾವ್ ವಿರುದ್ಧದ ಅವಿಶ್ವಾಸ ನಿರ್ಣಯ ತಂದದ್ದು ರಾಮಣ್ಣ ರೈಗಳ ಪಕ್ಷವೇ. ಅದು 251-265ರಲ್ಲಿ ಸೋತಿತು. 1999ರ ಏಪ್ರಿಲ್ 17ರಂದು ವಾಜಪೇಯಿ ಸರಕಾರ ಒಂದೇ ಮತದಿಂದ ಉರುಳಿದಾಗ ಕಾಸರಗೋಡಿನ ಸದಸ್ಯ ಟಿ. ಗೋವಿಂದನ್, ಮತ್ತು ಅವರ ಪಕ್ಷ ಉರುಳಿಸಿದವರ ಸಾಲಿನಲ್ಲಿತ್ತು. ಇವೆಲ್ಲ ದೇಶದ ಮಟ್ಟದಲ್ಲಿ ದೊಡ್ಡ ಮತಗಳೇ. ಯಾವುದರಲ್ಲೂ ಚಂದ್ರಗಿರಿಯ ಮಾತಿಲ್ಲ. ಪಕ್ಷದ ಶಿಸ್ತನ್ನು ಕಾನೂನಾಗಿಸಿದ 52ನೇ ತಿದ್ದುಪಡಿ 1985ರ ಜನವರಿಯಲ್ಲಿ ಲೋಕಸಭೆಯ ಒಪ್ಪಿಗೆ ಪಡೆಯಿತು. ರಾಮ ರೈಗಳು ಆಗಷ್ಟೇ ಆ ಸದನಕ್ಕೆ ಬಂದಿದ್ದರು. ಅಂದಿನಿಂದ ವಿಪ್ ಮೀರಿ ಮತ ಹಾಕಿದವನು ಸದಸ್ಯತ್ವವನ್ನೇ ಕಳೆದುಕೊಳ್ಳಬೇಕಾದೀತು.

ಹಣದ ಕಥೆಯೂ ಇದೇ ದಾರಿಯದು. 1952ರಲ್ಲಿ ಲೋಕಸಭಾ ಅಭ್ಯರ್ಥಿಯ ಖರ್ಚಿನ ಮಿತಿ 25 ಸಾವಿರ ರೂಪಾಯಿ. 2022ರಿಂದ ಕೇರಳದಂಥ ರಾಜ್ಯಗಳಲ್ಲಿ 95 ಲಕ್ಷ. ಆದರೆ ಪಕ್ಷ ಮಾಡುವ ಖರ್ಚಿಗೆ ಮಿತಿಯೇ ಇಲ್ಲ. 1974ರ ಕಾನೂನು ತಿದ್ದುಪಡಿ ಅದನ್ನು ಅಭ್ಯರ್ಥಿಯ ಲೆಕ್ಕದಿಂದ ಹೊರಗಿಟ್ಟಿತು. ರೈಗಳ ಚುನಾವಣೆಗಳೆಲ್ಲ ನಡೆದದ್ದು ಆ ನೆರಳಿನಲ್ಲೇ. ಕಂಪನಿ ದೇಣಿಗೆಗೆ 1969ರಲ್ಲಿ ಬಿದ್ದ ನಿಷೇಧ 1985ರಲ್ಲಿ ತೆರವಾಯಿತು. ಆಸ್ತಿಯ ಅಫಿದಾವಿತ್ ಕಡ್ಡಾಯವಾದದ್ದು ಸುಪ್ರೀಂ ಕೋರ್ಟಿನ 2002-03ರ ತೀರ್ಪುಗಳ ಬಳಿಕ, ರೈಗಳ ಕಾಲ ಮುಗಿದ ಮೇಲೆ. ಇಲ್ಲಿ ಎಡದವರು ಒಂದು ಆಕ್ಷೇಪ ಎತ್ತುತ್ತಾರೆ, ಅದಕ್ಕೆ ಕಿವಿಗೊಡಲೇಬೇಕು: ಎಲ್ಲ ಹಣವೂ ಒಂದೇ ಅಲ್ಲ. ಬಕೆಟ್ ಹಿಡಿದು ಅಂಗಡಿ ಅಂಗಡಿ ಸುತ್ತುವ ‘ಪಿರಿವು’, ಸಂಸದನ ಸಂಬಳದಿಂದಲೇ ಪಕ್ಷಕ್ಕೆ ಸೇರುವ ಲೆವಿ, ಚುನಾವಣಾ ಬಾಂಡ್‌ಗಳನ್ನು ಒಲ್ಲೆನೆಂದು ಕೋರ್ಟಿಗೂ ಹೋದ ಸಿಪಿಎಂನ ನಡೆ, 2024ರ ಫೆಬ್ರವರಿ 15ರ ತೀರ್ಪಿನಲ್ಲಿ ಅದಕ್ಕೆ ಸಿಕ್ಕ ಗೆಲುವು, ಇವು ನಿಜವಾದ ವ್ಯತ್ಯಾಸಗಳು. ಪ್ರಜಾಪ್ರಭುತ್ವದ ಆರೋಗ್ಯಕ್ಕೆ ಇವು ಬೇಕು. ಆದರೂ ನಮ್ಮ ಪ್ರಶ್ನೆಗೆ ಇದರಿಂದ ಉತ್ತರ ಬದಲಾಗದು. ಹುಂಡಿಗೆ ಬಿದ್ದ ನಾಣ್ಯವಾಗಲಿ ಕಂಪನಿಯ ಚೆಕ್ಕಾಗಲಿ, ಸೇರುವುದು ಪಕ್ಷದ ಪೆಟ್ಟಿಗೆಗೆ. ಮಂಜೇಶ್ವರದ ಅಂಗಡಿಯವನು ಕೊಟ್ಟ ಹತ್ತು ರೂಪಾಯಿಗೆ ಅವನ ಊರಿನ ಬೇಡಿಕೆ ಅಂಟಿಕೊಂಡು ಹೋಗುವುದಿಲ್ಲ.

ಹಾಗಾದರೆ ನಮ್ಮವರಿದ್ದು ಏನೂ ಆಗಲಿಲ್ಲವೇ ಎಂದರೆ ಅದು ಅನ್ಯಾಯದ ಮಾತು. ಕಚೇರಿಗೆ ಬಂದವನ ಮಾತನ್ನು ಅವನ ಭಾಷೆಯಲ್ಲೇ ಕೇಳಿಸಿಕೊಳ್ಳಬಲ್ಲ ಸಂಸದ ಸಣ್ಣ ಸಂಗತಿಯಲ್ಲ. ಆದರೆ ಅದು ಸೌಕರ್ಯ. ಗಡಿಯ ಪ್ರಶ್ನೆಗೆ ಬೇಕಿದ್ದುದು ಪಕ್ಷದ ನಿರ್ಣಯ. 1991ರಲ್ಲಿ ಕಾಂಗ್ರೆಸ್ ರೈಯವರನ್ನು ಬಿಟ್ಟು ಪಯ್ಯನ್ನೂರಿನ ಕೆ.ಸಿ. ವೇಣುಗೋಪಾಲ್ ಅವರನ್ನು ನಿಲ್ಲಿಸಿ ಸೋತಿತು. ಆದರೆ ಊರಿನವರೆಂಬುದೊಂದೇ ಗೆಲ್ಲಿಸುವುದಿಲ್ಲ: 2019ರಲ್ಲಿ ಬಿಜೆಪಿ ಕನ್ನಡದ ನೆಲದ ರವೀಶ ತಂತ್ರಿ ಕುಂಟಾರು ಅವರನ್ನೂ 2024ರಲ್ಲಿ ಎಂ.ಎಲ್. ಅಶ್ವಿನಿಯವರನ್ನೂ ಕಣಕ್ಕಿಳಿಸಿತು, ಎರಡು ಸಲವೂ ಗೆದ್ದವರು ದೂರದ ಕೊಲ್ಲಂನಿಂದ ಬಂದ ಕಾಂಗ್ರೆಸ್ಸಿನ ರಾಜಮೋಹನ್ ಉಣ್ಣಿತ್ತಾನ್, ಎರಡನೆಯ ಸಲ ಅಂತರ ಒಂದು ಲಕ್ಷ ದಾಟಿತು. ಮುಂದಿನ ಬಾರಿ ಮತ ಕೇಳಿಕೊಂಡು ಬಂದವರನ್ನು, ನೀವು ಯಾವ ಮನೆಯವರು ಎನ್ನುವ ಮೊದಲು, ಮಹಾಜನ್ ವರದಿಯ ಬಗ್ಗೆ ನಿಮ್ಮ ರಾಜ್ಯ ಸಮಿತಿಯ ನಿರ್ಣಯವೇನು ಎಂದು ಕೇಳಬಹುದು.