ಸ್ಥಿರ ಮತ್ತು ಅಸ್ಥಿರ ನೆಲೆಯ ಬಲವರ್ಧನ ವ್ಯಾಯಾಮ

ಸ್ಥಿರ ನೆಲೆಯ ವ್ಯಾಯಾಮವೆಂದರೆ ಗಟ್ಟಿ ನೆಲ, ಬೆಂಚು ಮುಂತಾದ ಅಲುಗದ ಆಧಾರದ ಮೇಲೆ ಮಾಡುವ ಬಲವರ್ಧನ ಅಭ್ಯಾಸ. ಮರಳು, ಸಡಿಲ ಮಣ್ಣು, ಗಾಳಿ ತುಂಬಿದ ದೊಡ್ಡ ಚೆಂಡು, ವಾಲಾಡುವ ಹಲಗೆ ಮೊದಲಾದವುಗಳ ಮೇಲೆ ಮಾಡುವುದು ಅಸ್ಥಿರ ನೆಲೆಯ ವ್ಯಾಯಾಮ. ಮೊದಲನೆಯದು ಮುಖ್ಯವಾಗಿ ಬಲವನ್ನೂ ಎರಡನೆಯದು ಸಮತೋಲನವನ್ನೂ ಬೆಳೆಸುತ್ತದೆ. ಒಂದು ಮತ್ತೊಂದಕ್ಕೆ ಬದಲಿಯಾಗಲಾರದು.

ಬಲದ ಮೇಲಿನ ಪರಿಣಾಮ

ನೆಲೆ ಅಲುಗಾಡುವಾಗ ಸ್ನಾಯುಗಳ ಶ್ರಮದ ಒಂದು ಪಾಲು ಕೀಲುಗಳನ್ನು ಬಿಗಿಹಿಡಿದು ದೇಹ ಬೀಳದಂತೆ ತಡೆಯುವುದಕ್ಕೆ ವ್ಯಯವಾಗುತ್ತದೆ. ಆದ್ದರಿಂದ ಭಾರದ ಮೇಲೆ ಪ್ರಯೋಗಿಸಬಹುದಾದ ಬಲ ಕುಗ್ಗುತ್ತದೆ. ಕೆನಡಾದ ಆಂಡರ್ಸನ್ ಮತ್ತು ಬೆಹ್ಮ್ ಅವರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚೆಂಡಿನ ಮೇಲೆ ಮಲಗಿ ಎದೆಯ ಮಟ್ಟದಿಂದ ತಳ್ಳುವ ಗರಿಷ್ಠ ಬಲವು ಬೆಂಚಿನ ಮೇಲಿನದಕ್ಕಿಂತ ಸುಮಾರು ಶೇ. 60ರಷ್ಟು ಕಡಿಮೆಯಿತ್ತು. ಆದರೆ ಸ್ನಾಯುಗಳ ವಿದ್ಯುತ್ ಚಟುವಟಿಕೆಯಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಸ್ನಾಯುಗಳು ದುಡಿದಿದ್ದವು, ದುಡಿಮೆಯ ಉದ್ದೇಶ ಮಾತ್ರ ಬದಲಾಗಿತ್ತು. ಅಮೆರಿಕದ ಕಾಲೇಜು ಫುಟ್‌ಬಾಲ್ ಆಟಗಾರರ ಮೇಲೆ ಹತ್ತು ವಾರ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನು ಬೆಂಬಲಿಸುತ್ತದೆ: ಗಟ್ಟಿ ನೆಲದಲ್ಲಿ ಅಭ್ಯಾಸ ಮಾಡಿದವರ ಜಿಗಿತದ ಶಕ್ತಿ ಹೆಚ್ಚಿತು, ರಬ್ಬರ್ ತಟ್ಟೆಗಳ ಮೇಲೆ ಅಭ್ಯಾಸ ಮಾಡಿದವರಲ್ಲಿ ಗಣನೀಯ ಏರಿಕೆ ಕಾಣಲಿಲ್ಲ.

ದಣಿವು ಹೆಚ್ಚಾದರೆ ಬಲವೂ ಹೆಚ್ಚುತ್ತದೆಂಬ ನಂಬಿಕೆ ಸರಿಯಲ್ಲ. ಮರಳಿನಲ್ಲಿ ನಡೆಯಲು ಗಟ್ಟಿ ನೆಲಕ್ಕಿಂತ 2.1ರಿಂದ 2.7 ಪಟ್ಟು ಶಕ್ತಿ ಬೇಕೆಂದು 1998ರ ಸಂಶೋಧನೆಯೊಂದು ಅಳೆದಿದೆ. ಅದು ಉಸಿರಿಗೂ ಪಾದಕ್ಕೂ ಒಳ್ಳೆಯ ಶ್ರಮವೇ ಹೌದು, ಭಾರ ಎತ್ತುವುದಕ್ಕೆ ಸಮಾನವಲ್ಲ. ಭಾರ ಹೊತ್ತು ಚೆಂಡಿನ ಮೇಲೆ ನಿಂತು ಬಸ್ಕಿ ಹೊಡೆಯುವುದು ಅಭ್ಯಾಸಕ್ಕಿಂತ ಪ್ರದರ್ಶನಕ್ಕೆ ಹತ್ತಿರವಾದುದು.

ಗರಡಿ ಮನೆಯಲ್ಲಿ

ಹಳೆಯ ಮೈಸೂರು ಪ್ರಾಂತ್ಯದ ಗರಡಿ ಮನೆಗಳಲ್ಲಿ ಈ ಎರಡು ಬಗೆಯ ಅಭ್ಯಾಸಗಳೂ ಬಹುಕಾಲದಿಂದ ಜೊತೆಗಿವೆ. ದಂಡ, ಬಸ್ಕಿ, ಗದೆ ತಿರುಗಿಸುವುದು ಬಲಕ್ಕಾದರೆ, ಪಟ್ಟುಗಳ ಕಲಿಕೆ ಕೆಮ್ಮಣ್ಣಿನ ಮಟ್ಟಿಯಲ್ಲಿ. ಗುದ್ದಲಿಯಿಂದ ಮಟ್ಟಿಯನ್ನು ಅಗೆದು ಹದಗೊಳಿಸುವ ಕೆಲಸವೇ ಭುಜ ಮತ್ತು ಸೊಂಟಕ್ಕೆ ಒಂದು ಸಾಮು. ಸಡಿಲ ಮಣ್ಣು ಬಿದ್ದವನ ಪೆಟ್ಟನ್ನು ತಗ್ಗಿಸುತ್ತದೆ; ಕಾಲು ಹೂತುಹೋಗುವುದರಿಂದ ಪೈಲ್ವಾನನು ಪ್ರತಿ ಹೆಜ್ಜೆಗೂ ನೆಲೆ ಹುಡುಕಿಕೊಳ್ಳಬೇಕಾಗುತ್ತದೆ. ಅಂತರರಾಷ್ಟ್ರೀಯ ಕುಸ್ತಿ ನಡೆಯುವುದು ಮ್ಯಾಟಿನ ಮೇಲೆ. ಅಲ್ಲಿ ಕಾಲಿನ ಚಲನೆ ಬೇರೆ, ವೇಗವೂ ಹೆಚ್ಚು. ಆದಕಾರಣ ಮಟ್ಟಿಯಲ್ಲಿ ಮಾತ್ರ ಪಳಗಿದವರು ಮ್ಯಾಟಿನಲ್ಲಿ ಪ್ರತ್ಯೇಕವಾಗಿ ಅಭ್ಯಾಸ ಮಾಡಬೇಕಾಗುತ್ತದೆ.

ಬಳಕೆ

ಅಸ್ಥಿರ ನೆಲೆಯ ವ್ಯಾಯಾಮದ ನಿಜವಾದ ಬೆಲೆ ತಿಳಿಯುವುದು ಉಳುಕಿದ ಪಾದಗಂಟಿನ ಚೇತರಿಕೆಯಲ್ಲಿ. ಒಮ್ಮೆ ಉಳುಕಿದ ಪಾದಗಂಟು ಮತ್ತೆ ಉಳುಕುವ ಸಂಭವ ಹೆಚ್ಚು. ವಾಲಾಡುವ ಹಲಗೆಯ ಅಭ್ಯಾಸ ಅದನ್ನು ತಗ್ಗಿಸುತ್ತದೆ. ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರದ ಕಾಡಿನಲ್ಲಿ ಕಾಲ್ನಡಿಗೆಯಲ್ಲಿ ಗಸ್ತು ತಿರುಗುವ ಅರಣ್ಯ ಸಿಬ್ಬಂದಿಗೆ ಹಳ್ಳದ ಉರುಟು ಕಲ್ಲು, ಇಳಿಜಾರು, ಮಳೆಯ ಕೆಸರು ದಿನನಿತ್ಯದ ನೆಲ. ಇಂಥ ಕೆಲಸಕ್ಕೆ ತೊಡೆಯ ಬಲವೂ ಬೇಕು, ಪಾದಗಂಟಿನ ಎಚ್ಚರವೂ ಬೇಕು. ತೊಡೆಯ ಬಲಕ್ಕೆ ಗಟ್ಟಿ ನೆಲದ ಬಸ್ಕಿ, ಪಾದಗಂಟಿಗೆ ಒಂಟಿಕಾಲಿನ ನಿಲುವು ಮತ್ತು ಹಲಗೆಯ ಅಭ್ಯಾಸ ಒದಗುತ್ತವೆ.

ಹೊಸಬರು ಅಸ್ಥಿರ ನೆಲೆಯ ಮೇಲೆ ಭಾರವಿಲ್ಲದೆಯೇ ಆರಂಭಿಸುವುದು ರೂಢಿ. ವೃದ್ಧರು ಗೋಡೆಯನ್ನೋ ಕುರ್ಚಿಯ ಬೆನ್ನನ್ನೋ ಹಿಡಿದುಕೊಂಡು ಒಂಟಿಕಾಲಿನಲ್ಲಿ ನಿಲ್ಲುವುದರಿಂದ ತೊಡಗಬಹುದು.