ಬುತ್ತಿ: ಗಂಟಿನೊಳಗಿನ ಸೀಮೆ

ಸಕಲೇಶಪುರದ ಕಡೆಯಿಂದ ಮಂಗಳೂರಿನ ರೈಲಿಗೆ ಹೊರಟವರನ್ನು ಮನೆಯ ಹಿರಿಯರು ಕೇಳುವುದು, "ಬುತ್ತಿ ಕಟ್ಕೊಂಡ್ಯಾ?" ಎಂದೇ. ಕೇಳುವುದಕ್ಕೆ ಕಾರಣವಿದೆ. ಇಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಘಟ್ಟದಲ್ಲಿ 50ಕ್ಕೂ ಹೆಚ್ಚು ಸುರಂಗ, 100ಕ್ಕೂ ಹೆಚ್ಚು ಸೇತುವೆ. ಗಾಡಿ ತೆವಳುತ್ತದೆ. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ ಎಂದು ನಿಲ್ದಾಣಗಳೇನೋ ಬರುತ್ತವೆ. ಸುತ್ತ ಇರುವುದು ಕಾಡು.

ಬುತ್ತಿಯ ಮೂಲ ಸಂಸ್ಕೃತದ 'ಭುಕ್ತಿ'. 'ಭುಜ್' ಧಾತುವಿಗೆ ಉಣ್ಣು ಎಂಬ ಅರ್ಥವೂ ಉಂಟು, ಅನುಭವಿಸು ಎಂಬುದೂ ಉಂಟು. ಪ್ರಾಕೃತದ ನಾಲಗೆ 'ಕ್ತ'ವನ್ನು 'ತ್ತ' ಮಾಡಿಕೊಂಡಿತು. ಮುಕ್ತಾ ಮುತ್ತಾದದ್ದು ಹೀಗೆ. ಅನ್ನ ಎಂಬ ಅರ್ಥದ 'ಭಕ್ತ' ಇದೇ ದಾರಿಯಲ್ಲಿ ಸವೆದು 'ಭಾತ್' ಆಗಿ, ನಮ್ಮ ಬಿಸಿಬೇಳೆಯ ಪಕ್ಕ ಕೂತಿದೆ. ಭುಕ್ತಿ ಕನ್ನಡಕ್ಕೆ ಬಂದು ಮಹಾಪ್ರಾಣವನ್ನೂ ಕಳೆದುಕೊಂಡು ಬುತ್ತಿಯಾಯಿತು. ಅರ್ಥವೂ ಕಿರಿದಾಯಿತು: ಉಂಡದ್ದೆಲ್ಲ ಬುತ್ತಿಯಲ್ಲ, ಕಟ್ಟಿಕೊಂಡು ಹೋದದ್ದಷ್ಟೇ ಬುತ್ತಿ. ಉತ್ತರ ಕರ್ನಾಟಕದಲ್ಲಿ ಅದು ಇನ್ನೂ ಕಿರಿದಾಗಿ, ಕಲಸಿದ ಮೊಸರನ್ನಕ್ಕೇ ಹೆಸರಾಗಿ ನಿಂತಿದೆ.

ಇದಕ್ಕೆ ಒಡಹುಟ್ಟುಗಳೂ ಇವೆ. ಹಳಗನ್ನಡದ 'ಕಟ್ಟೋಗರ' ಎಂದರೆ ಕಟ್ಟಿದ ಓಗರ. 'ಪಾಥೇಯ' ಎಂದರೆ ಪಥಕ್ಕೆ ಬೇಕಾದದ್ದು. ಇನ್ನೊಂದು, ನಾವು ತಿಂಗಳ ಕೊನೆಗೆ ಎದುರು ನೋಡುವ 'ಸಂಬಳ'. ಸಂಸ್ಕೃತದ 'ಶಂಬಲ' ಎಂದರೆ ದಾರಿಯ ಊಟವೇ!

ಭುಕ್ತಿಗೆ ಮತ್ತೊಂದು ಬಾಳೂ ಇತ್ತು. ಗುಪ್ತರ ಆಡಳಿತದಲ್ಲಿ ಭುಕ್ತಿ ಎಂದರೆ ಪ್ರಾಂತ್ಯ, ಒಡೆತನದಲ್ಲಿ ಅನುಭವಿಸುವ ನೆಲ. ಬಂಗಾಳದ ಪುಂಡ್ರವರ್ಧನಭುಕ್ತಿ ಶಾಸನಗಳಲ್ಲಿ ಉಳಿದಿದೆ. ಬಿಹಾರದ ತೀರಭುಕ್ತಿ ಸವೆದು ತಿರ್ಹುತ್ ಆಗಿದೆ. ಒಂದೇ ಮಾತು ಒಂದು ಕೈಯಲ್ಲಿ ತುತ್ತನ್ನೂ ಇನ್ನೊಂದರಲ್ಲಿ ಸೀಮೆಯನ್ನೂ ಹಿಡಿದಿತ್ತು.

ಆ ಎರಡನ್ನೂ ಒಟ್ಟಿಗೆ ನೋಡಬೇಕಾದರೆ ಜಪಾನಿನ ರೈಲು ಹತ್ತಬೇಕು. ಅಲ್ಲಿ ನಿಲ್ದಾಣದ ಬುತ್ತಿಗೆ 'ಎಕಿಬೆನ್' ಎನ್ನುತ್ತಾರೆ: 'ಎಕಿ' ಎಂದರೆ ನಿಲ್ದಾಣ, 'ಬೆನ್' ಎಂಬುದು 'ಬೆಂತೊ'ದ ತುಂಡು. 1885ರಲ್ಲಿ ಉತ್ಸುನೊಮಿಯಾದಲ್ಲಿ ಬಿದಿರಿನ ಪೊರೆಯಲ್ಲಿ ಸುತ್ತಿ ಮಾರಿದ ಅನ್ನದ ಉಂಡೆಯೇ ಮೊದಲನೆಯದೆಂದು ಹೇಳುತ್ತಾರೆ. ಈಗ ಊರಿಗೊಂದು ಬಗೆ, ಆಯಾ ಕಡಲಿನ ಮೀನು, ಆಯಾ ಬೆಟ್ಟದ ಸೊಪ್ಪು. ಉಸುಯಿ ಘಟ್ಟದ ಬುಡದ ಯೊಕೊಕಾವಾದಲ್ಲಿ, ಏರಲು ಹೆಚ್ಚುವರಿ ಎಂಜಿನ್ ಕಟ್ಟುವಷ್ಟು ಹೊತ್ತು ಗಾಡಿ ನಿಲ್ಲುತ್ತಿತ್ತು. ಆ ಬಿಡುವಿನಲ್ಲಿ 1958ರಿಂದ ಮಣ್ಣಿನ ಕುಡಿಕೆಯ ಬಿಸಿ ಅನ್ನ ಮಾರಿದರು. ಅದರಲ್ಲಿ ಅಣಬೆ, ಕೋಳಿ, ಕಳಲೆ. 1997ರಲ್ಲಿ ಘಟ್ಟದ ಹಳಿಯೇ ನಿಂತಿತು, ಕುಡಿಕೆ ನಿಲ್ಲಲಿಲ್ಲ.

ನಮ್ಮಲ್ಲೂ ಘಟ್ಟ ಹತ್ತುವ ಗಾಡಿಗೆ ನೂಕುವ ಎಂಜಿನ್ ಬೇಕು, ನಮ್ಮಲ್ಲೂ ಮಳೆಗಾಲಕ್ಕೆ ಕಳಲೆ ಉಂಟು. ಆದರೆ ಮದ್ದೂರು ವಡೆಯಂತೆ ನಿಲ್ದಾಣದ ಹೆಸರು ಹೊತ್ತ ತಿಂಡಿ ಈ ದಾರಿಯಲ್ಲಿ ಹುಟ್ಟಲಿಲ್ಲ. ಇಲ್ಲಿ ಸೀಮೆ ಇರುವುದು ಮಾರುವವನ ಬುಟ್ಟಿಯಲ್ಲಲ್ಲ, ಪ್ರಯಾಣಿಕರ ಗಂಟಿನಲ್ಲಿ. ಹಾಸನದ ಕಡೆಯದು ರಾಗಿಯ ನಾಡು. ಆಲೂರು ಅರೆ ಬಯಲು, ಅರೆ ಮಲೆನಾಡು. ಬಾಳ್ಳುಪೇಟೆ ದಾಟಿ ಸಕಲೇಶಪುರಕ್ಕೆ ಬಂದರೆ ಅಕ್ಕಿರೊಟ್ಟಿ, ಕಡುಬು. ಘಟ್ಟ ಇಳಿದರೆ ಕುಚ್ಚಲಕ್ಕಿ. ಎದುರು ಸೀಟಿನವರ ಗಂಟು ಬಿಚ್ಚಿದರೆ ಸಾಕು, ಯಾವ ಊರೆಂದು ಕೇಳಬೇಕಾಗಿಲ್ಲ.

ಈಗ 'ಬುತ್ತಿ' ಹೆಚ್ಚಾಗಿ ಕೇಳಿಸುವುದು ಭಾಷಣಗಳಲ್ಲಿ: ನೆನಪಿನ ಬುತ್ತಿ, ಜ್ಞಾನದ ಬುತ್ತಿ. ಮಕ್ಕಳ ಕೈಯಲ್ಲಿರುವುದು ಟಿಫನ್ ಬಾಕ್ಸು. ಅದು ಪಾತ್ರೆಯ ಹೆಸರು, ಒಳಗಿರುವುದರದಲ್ಲ. ಕೆಂಡದಲ್ಲಿ ಬಾಡಿಸಿದ ಬಾಳೆಲೆ ಹೋಯಿತು, ಬಟ್ಟೆಯ ಗಂಟೂ ಹೋಯಿತು. ಆದರೂ ಬೆಳಿಗ್ಗೆ ಸ್ಟೀಲ್ ಡಬ್ಬಿಗೆ ರೊಟ್ಟಿ ತುಂಬಿ ಮುಚ್ಚಳ ಒತ್ತುವ ತಾಯಿ, ಏನು ಮಾಡುತ್ತಿದ್ದೀಯೆಂದರೆ, ಊಟ ಮುಚ್ಚುತ್ತಿದ್ದೇನೆ ಎನ್ನುವುದಿಲ್ಲ. ಕಟ್ಟುತ್ತಿದ್ದೇನೆ ಎನ್ನುತ್ತಾಳೆ.